ಚೋಮನ ಎತ್ತು, ಚೋಮನ ಮಗ

ದನದ ನೋವು ಹೆಚ್ಚೋ, ಮನುಷ್ಯನ ನೋವು ಹೆಚ್ಚೋ ಎಂಬುದು ಸೊಲ್ಲಾಪುರ, ಅಕ್ಕಲಕೋಟೆಗಳ ಒಕ್ಕಲು ಮನೆಗಳಿಗೆ ಬರಿಯ ಪುಸ್ತಕದ ಪ್ರಶ್ನೆಯಲ್ಲ. ಕಾರಹುಣ್ಣಿಮೆಗೆ ಕೋಡಿಗೆ ಬಣ್ಣ ಬಳಿಸಿಕೊಂಡ ಎತ್ತು ಬರಗಾಲದಲ್ಲಿ ಸಂತೆಯ ದಾರಿ ಹಿಡಿಯುವುದನ್ನು ಇಲ್ಲಿಯವರು ಕಂಡಿದ್ದಾರೆ. 2019ರಲ್ಲಿ ನಮ್ಮ ಜಿಲ್ಲೆಯ ಸಾಂಗೋಲೆ, ಮಂಗಳವೇಢೆಗಳಲ್ಲಿ ಮೇವಿನ ಛಾವಣಿಗಳು ತೆರೆದಾಗ ದನಗಳ ಜೊತೆಗೆ ಮನೆಮಂದಿಯೂ ಅಲ್ಲಿಯೇ ಉಳಿದರು. ಈ ನೆಲದಲ್ಲಿ ಕುಳಿತು ಶಿವರಾಮ ಕಾರಂತರ 'ಚೋಮನ ದುಡಿ' (1933) ಓದುವವನ ಕಣ್ಣು ಮೊದಲು ಎತ್ತುಗಳ ಕಡೆಗೇ ಹೋಗುತ್ತದೆ. ತುಳುನಾಡಿನ ಆ ಕತೆ ಕಾಸರಗೋಡಿನ ಓದುಗರಿಗೆ ತೀರ ಹತ್ತಿರದ್ದು. ಹೇಳುವ ಮಾತು ಮಾತ್ರ ನಮ್ಮದೂ ಹೌದು.

ಚೋಮನ ಎತ್ತುಗಳನ್ನು ಭೂಮಿಯ ಆಸೆಯ ಸಂಕೇತವೆಂದಷ್ಟೇ ನೋಡಿದರೆ ಸಾಲದು. ಅವು ಅವನು ಸಾಕಿದ ಜೀವಗಳು. ಸಾಲ ತೀರಿಸಲು ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗುತ್ತಾರೆ. ಎತ್ತುಗಳು ಮನೆಯಲ್ಲಿ ಉಳಿಯುತ್ತವೆ. ಹಾಗಾದರೆ ಅವನಿಗೆ ಮಕ್ಕಳಿಗಿಂತ ಎತ್ತು ಹೆಚ್ಚೆ? ಈ ಓದು ಆತುರದ್ದು. ಎತ್ತು ಹೋದರೆ ಬೇಸಾಯದ ಆಸೆಯೂ ಹೋಯಿತು. ಆ ಆಸೆಯಲ್ಲಿ ಮಕ್ಕಳ ನಾಳೆಯೂ ಇತ್ತು.

ಪ್ರಶ್ನೆಗೆ ಉತ್ತರ ನೀಲ ಮುಳುಗುವ ಪ್ರಸಂಗದಲ್ಲಿದೆ. ಮುಟ್ಟಬಾರದ ಜಾತಿಯ ಹುಡುಗನೆಂದು ಅವನನ್ನು ಯಾರೂ ಮೇಲೆತ್ತುವುದಿಲ್ಲ. ಕರುವೊಂದು ಬಿದ್ದಿದ್ದರೆ ಎಷ್ಟು ಕೈಗಳು ಮುಂದೆ ಬರುತ್ತಿದ್ದವು? ಕಾರಂತರು ಹೀಗೆ ಕೇಳಿಲ್ಲ, ಓದುಗ ಕೇಳದೆ ಇರಲಾರ. ಇಲ್ಲಿ ದೋಷ ಕರುವಿನ ಮೇಲಿನ ಕರುಣೆಯದಲ್ಲ. ಕರುಣೆಗೆ ಹಾಕಿದ ಬೇಲಿಯದು. 'ಗೋವಿನ ಹಾಡಿ'ನ ಪುಣ್ಯಕೋಟಿ ಕೊಟ್ಟ ಮಾತಿಗೆ ನಡೆದು ಹುಲಿಯ ಮನಸ್ಸನ್ನು ಗೆದ್ದಳು. ನೀಲನಿಗೆ ಯೋಗ್ಯತೆ ತೋರಿಸಲು ಹೊತ್ತಿರಲಿಲ್ಲ. ನೋವುಂಡವರು ದನವಾಗಲಿ, ಮಗುವಾಗಲಿ, ಕರುಣೆಯನ್ನು ಸಂಪಾದಿಸಬೇಕಾಗಿ ಬರಬಾರದು.

ತೂಗಿ ನೋಡುವವರು ಇನ್ನೊಂದನ್ನು ಮರೆಯುತ್ತಾರೆ. 2015ರಲ್ಲಿ ಮಹಾರಾಷ್ಟ್ರದ ಕಾನೂನು ಎತ್ತು, ಹೋರಿಗಳ ವಧೆಯನ್ನೂ ನಿಷೇಧಿಸಿತು. ಮುದಿ ಎತ್ತು ಬದುಕಲಿ, ಸಂತೋಷ. ಅದರ ಮೇವಿನ ಖರ್ಚು ಬಡ ಒಕ್ಕಲಿಗನ ಪಾಲಿಗೇ ಬಂತು. ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನಿಗೆ ಇದು ತಿಳಿಯದ್ದಲ್ಲ: ವಿಮೆ ಇಲ್ಲದ ಎತ್ತು ಸತ್ತರೂ ಅದರ ಸಾಲದ ಕಂತು ಸಾಯುವುದಿಲ್ಲ. ದಯೆ ಒಬ್ಬರದು, ವೆಚ್ಚ ಇನ್ನೊಬ್ಬರದು ಆದಾಗ ಎತ್ತಿಗೂ ಹೊಟ್ಟೆ ತುಂಬದು, ಮನೆಗೂ ತುಂಬದು.

ಬಿ.ವಿ. ಕಾರಂತರ 1975ರ ಚಲನಚಿತ್ರದಲ್ಲಿ ಚೋಮ ಕೊನೆಗೆ ಎತ್ತುಗಳನ್ನು ಕಾಡಿಗೆ ಅಟ್ಟಿ, ಬಾಗಿಲಿಕ್ಕಿಕೊಂಡು ದುಡಿ ಬಾರಿಸುತ್ತಲೇ ಸಾಯುತ್ತಾನೆ. ಎತ್ತಿಗೆ ಹೊಲವಿಲ್ಲ, ಅವನಿಗೆ ಮನೆಯಿಲ್ಲ. ಇಬ್ಬರನ್ನೂ ಅನಾಥರನ್ನಾಗಿಸಿದ್ದು ಒಂದೇ ಕಟ್ಟಳೆ. ಯಾರ ನೋವು ದೊಡ್ಡದೆಂದು ತಕ್ಕಡಿ ಹಿಡಿಯುವ ಮುನ್ನ ಆ ಕಟ್ಟಳೆಯನ್ನು ಗುರುತಿಸಬೇಕು.