ಗಾಡಿಗೂ ಒಂದು ಬುತ್ತಿ

ಡೀಸೆಲ್ ವಾಸನೆ ಹೊಡೆಯುವ ಅವಲಕ್ಕಿಯನ್ನು ನಾನು ತಿಂದಿದ್ದೇನೆ. ಹಸಿವು ಹಾಗಿತ್ತು, ಜಾಗ ಹಾಗಿತ್ತು. ಮನಾಲಿಯಿಂದ ಲೇಹ್‌ಗೆ ಹೋಗುವ ದಾರಿಯಲ್ಲಿ, ಸುಮಾರು 4,890 ಮೀಟರ್ ಎತ್ತರದ ಬಾರಾಲಾಚಾ ಪಾಸಿನ ಮೇಲೆ ಪಿಕಪ್ಪಿನ ಹಿಂಬಾಗಿಲು ಇಳಿಸಿದೆ. ಅಡುಗೆ ಎಣ್ಣೆಯ ಹಳೇ ಪ್ಲಾಸ್ಟಿಕ್ ಕ್ಯಾನು ಹೊಟ್ಟೆ ಉಬ್ಬರಿಸಿಕೊಂಡು ಕೂತಿತ್ತು. ಮುಚ್ಚಳದ ಸುತ್ತ ಡೀಸೆಲ್ ಒಸರುತ್ತಿತ್ತು. ಪಕ್ಕದ ಅವಲಕ್ಕಿ ಚೀಲ ಒಂದು ಹನಿಯನ್ನೂ ದಂಡ ಮಾಡದೆ ಹೀರಿಕೊಂಡಿತ್ತು. ಭಾವಮೈದುನ ಮೂಸಿ ನೋಡಿ, "ಭಾವ, ಇದಕ್ಕೆ ಇನ್ನು ಕಾಯಿತುರಿ ಹಾಕಿದರೂ ಅಷ್ಟೇ, ಬಿಟ್ಟರೂ ಅಷ್ಟೇ" ಅಂದ.

ತಪ್ಪು ಪೂರ್ತಿ ನನ್ನದೇ. ಬೆಳಗಿನ ಜಾವದ ಚಳಿಯಲ್ಲಿ ಕ್ಯಾನನ್ನು ಕುತ್ತಿಗೆವರೆಗೆ ತುಂಬಿಸಿದ್ದೆ. ಬಿಸಿಲೇರಿ 25 ಡಿಗ್ರಿ ಹೆಚ್ಚಾದರೆ 20 ಲೀಟರ್ ಡೀಸೆಲ್ ಸುಮಾರು 400 ಮಿಲಿಲೀಟರಿನಷ್ಟು ಹಿಗ್ಗುತ್ತದೆ. ಅಷ್ಟು ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡವೋ ಸಮುದ್ರಮಟ್ಟದಲ್ಲಿರುವುದರ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಒಳಗೆ ಉಳಿದಿದ್ದ ಒಂದಿಷ್ಟು ಗಾಳಿಯೂ ಉಬ್ಬಿತು, ಎಣ್ಣೆಯೂ ಉಬ್ಬಿತು. ಇಬ್ಬರೂ ಸೇರಿ ದಾರಿ ಹುಡುಕಿದರು, ದಾರಿ ಅವಲಕ್ಕಿಯ ಕಡೆಗಿತ್ತು.

ದೂರದ ಪ್ರಯಾಣಕ್ಕೆ ಪಿಕಪ್ ಕೊಂಡವರೆಲ್ಲ ಮೊದಲು ಕೇಳುವ ಪ್ರಶ್ನೆ, "ಟ್ಯಾಂಕ್ ದೊಡ್ಡದು ಮಾಡಿಸಬಹುದಾ?" ಅಂತ. ಈ ಪ್ರಶ್ನೆಗೆ ನನ್ನ ಉತ್ತರ ಬರುವುದು ಗ್ಯಾರೇಜಿನಿಂದಲ್ಲ, ಅಡುಗೆಮನೆಯಿಂದ. ನಮ್ಮಜ್ಜಿ ಯಾರಿಗೇ ಬುತ್ತಿ ಕಟ್ಟಲಿ, ಮೊದಲು ಎಲ್ಲಿಗೆ, ಎಷ್ಟು ಹೊತ್ತು ಅಂತ ವಿಚಾರಿಸುತ್ತಿದ್ದಳು. ಆಮೇಲೆ ದಾರಿಗೊಂದು ಊಟ, ದಾರಿ ತಪ್ಪಿದರೆ ಅಂತ ಅರ್ಧ ಊಟ. ಅದಕ್ಕಿಂತ ಹೆಚ್ಚು ಕೇಳಿದರೆ, "ಹೊರೋನು ನೀನೇ ತಾನೆ?" ಅನ್ನುತ್ತಿದ್ದಳು. ಗಾಡಿಯ ಎಣ್ಣೆಗೂ ಇದಕ್ಕಿಂತ ಒಳ್ಳೆಯ ಸೂತ್ರ ನನಗೆ ಸಿಕ್ಕಿಲ್ಲ.

ಲೆಕ್ಕ ಹಾಕೋಣ. ಲಾಹೌಲ್‌ನ ಟಾಂಡಿಯ ಬಂಕಿನಲ್ಲಿ ಒಂದು ಹೆಸರಾಂತ ಬೋರ್ಡಿದೆ: ಮುಂದಿನ ಬಂಕ್ 365 ಕಿಲೋಮೀಟರ್. ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳದ ಪ್ರಯಾಣಿಕರಿಲ್ಲ, ನೋಡಿ ಎದೆ ಝಲ್ಲೆನ್ನಿಸಿಕೊಳ್ಳದವರೂ ಇಲ್ಲ. ಆದರೆ ಆ ಬೋರ್ಡು ಹೆದರಿಸಬೇಕಾದದ್ದು ಸಣ್ಣ ಟ್ಯಾಂಕಿನ ಬೈಕಿನವರನ್ನು. ನನ್ನ ಈಗಿನ ಗಾಡಿ ಹೈಲಕ್ಸ್, ನಮ್ಮ ಬಿಡದಿಯಲ್ಲೇ ಜೋಡಿಸಿದ್ದು. ಟ್ಯಾಂಕ್ 80 ಲೀಟರ್. ಬಯಲುಸೀಮೆಯ ಹೆದ್ದಾರಿಯಲ್ಲಿ ಲೀಟರಿಗೆ 11 ಕೊಡುವ ಗಾಡಿ ಸಾಮಾನು ಹೇರಿಕೊಂಡು, ಎರಡನೇ ಗೇರಿನಲ್ಲಿ ಏದುಸಿರು ಬಿಡುತ್ತ ಹತ್ತುವಾಗ 8 ಕೊಡುತ್ತದೆ. 365ಕ್ಕೆ 46 ಲೀಟರ್ ಸಾಕು. ಟ್ಯಾಂಕಿನಲ್ಲಿ ಇನ್ನೂ ಮೂವತ್ತು ಚಿಲ್ಲರೆ ಉಳಿಯುತ್ತದೆ. ಈ ದಾರಿಗೆ ಪಿಕಪ್ಪಿಗೆ ಬುತ್ತಿಯೇ ಬೇಡ. ಅವಲಕ್ಕಿ ಹಾಳಾದದ್ದು ಬರೀ ಭಯಕ್ಕೆ.

ಬುತ್ತಿ ಬೇಕಾಗುವುದು ಹೆದ್ದಾರಿ ಬಿಟ್ಟ ಮೇಲೆ. ಲೇಹ್‌ನಲ್ಲಿ ಟ್ಯಾಂಕ್ ಫುಲ್ ಮಾಡಿಸಿ ಪಾಂಗಾಂಗ್, ಚುಶೂಲ್, ಹಾನ್ಲೆ ಸುತ್ತಿ ವಾಪಸ್ ಬಂದರೆ ಆರುನೂರು ಕಿಲೋಮೀಟರ್ ಆಸುಪಾಸು. ಲೀಟರಿಗೆ ಎಂಟರ ಲೆಕ್ಕದಲ್ಲಿ 75 ಲೀಟರ್. ಟ್ಯಾಂಕಿನ ತಳದ ನಾಲ್ಕೈದು ಲೀಟರನ್ನು ನಂಬುವಂತಿಲ್ಲ. ಇಳಿಜಾರಿನಲ್ಲಿ ಡೀಸೆಲ್ ಒಂದು ಮೂಲೆಗೆ ಸರಿದರೆ ಪೈಪು ಗಾಳಿ ಕುಡಿಯುತ್ತದೆ. ಡೀಸೆಲ್ ಎಂಜಿನ್ ಒಮ್ಮೆ ಗಾಳಿ ಕುಡಿದರೆ, ಎಣ್ಣೆ ಸುರಿದ ಮಾತ್ರಕ್ಕೆ ಹೊರಡುವುದಿಲ್ಲ, ಏರ್ ತೆಗೆಯಬೇಕು. ಅಂದರೆ ದಾರಿಗೆ ಸರಿಯಾಗಿ ಒಂದು ಊಟ ಇದೆ, ದಾರಿ ತಪ್ಪಿದರೆ ಏನೂ ಇಲ್ಲ. ಅಜ್ಜಿಯ ಅರ್ಧ ಊಟ ಸೇರಿಸಿ: ಮೂವತ್ತೇಳೂವರೆ ಲೀಟರ್. ಇಪ್ಪತ್ತರ ಎರಡು ಕ್ಯಾನು. ಮುಗಿಯಿತು.

ಹಾಗಂತ ಗ್ಯಾರೇಜಿನವರಿಗೆ ಹೇಳಿ ನೋಡಿ! "ಸಾರ್, ಕ್ಯಾನೆಲ್ಲ ಯಾಕೆ? ಕೆಳಗಿನ ಸ್ಟೆಪ್ನಿ ತೆಗೆದು ಅಲ್ಲೇ ಅರವತ್ತು ಲೀಟರ್ ಟ್ಯಾಂಕ್ ಕೂರಿಸ್ತೀನಿ, ಸಂಜೆಗೆ ಗಾಡಿ ತಗೊಂಡು ಹೋಗಿ" ಅಂತ ನನಗೊಬ್ಬರು ಹೇಳಿದ್ದರು. ಕೈಕೆಲಸ ಬಲ್ಲ ಮನುಷ್ಯ, ವೆಲ್ಡಿಂಗ್ ನೋಡಿದರೆ ಹೊಲಿಗೆ ಹಾಕಿದಂತೆ. ಆದರೆ ಟ್ಯಾಂಕ್ ಅಂದರೆ ಬರೀ ಡಬ್ಬವಲ್ಲ. ಒಳಗೆ ಅಡ್ಡ ತಗಡುಗಳಿರಬೇಕು, ಇಲ್ಲದಿದ್ದರೆ ತಿರುವಿನಲ್ಲಿ ಐವತ್ತು ಕಿಲೋ ಡೀಸೆಲ್ ಕೊಡದ ನೀರಿನಂತೆ ತುಳುಕಿ ಗಾಡಿಯನ್ನೇ ಎಳೆಯುತ್ತದೆ. ಉಸಿರಾಡಲು ಕೊಳವೆ ಬೇಕು, ಗಾಡಿ ಪಲ್ಟಿ ಹೊಡೆದರೆ ಅದೇ ಕೊಳವೆ ಮುಚ್ಚಿಕೊಳ್ಳುವ ವಾಲ್ವ್ ಬೇಕು. ಈಗಿನ ಡೀಸೆಲ್ ಎಂಜಿನ್ ತೆಗೆದುಕೊಂಡ ಎಣ್ಣೆಯನ್ನೆಲ್ಲ ಸುಡುವುದಿಲ್ಲ, ಮಿಕ್ಕಿದ್ದನ್ನು ಬಿಸಿಯಾಗಿ ವಾಪಸ್ ಕಳಿಸುತ್ತದೆ. ಆ ವಾಪಸಾತಿ ಪೈಪು ಯಾವ ಟ್ಯಾಂಕಿಗೆ ಹೋಗಬೇಕೆಂದು ಯೋಚಿಸದೆ ಕೂರಿಸಿದರೆ ಒಂದು ಟ್ಯಾಂಕ್ ಬರಿದಾಗುತ್ತ ಇನ್ನೊಂದು ಉಕ್ಕುತ್ತದೆ. ಸ್ಟೆಪ್ನಿಯ ಜಾಗ ಹಿಂದಿನ ಆಕ್ಸಲಿನಿಂದಲೂ ಹಿಂದೆ. ಅಲ್ಲಿ ಭಾರ ಹೆಚ್ಚಿದಷ್ಟೂ ಮುಂದಿನ ಚಕ್ರ ಹಗುರಾಗುತ್ತದೆ, ಸ್ಟೇರಿಂಗ್ ಸಡಿಲವೆನಿಸುತ್ತದೆ. ಜತೆಗೆ, ಬಿಚ್ಚಿದ ಸ್ಟೆಪ್ನಿಯನ್ನು ಇಡುವುದೆಲ್ಲಿ?

ಟ್ಯಾಂಕ್ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಎಲ್ಲಿದೆ ಎನ್ನುವುದು ದೊಡ್ಡದು ಅಂತ ಪಿಕಪ್ಪುಗಳ ತವರಾದ ಅಮೆರಿಕ ಕಷ್ಟಪಟ್ಟು ಕಲಿಯಿತು. ಷೆವ್ರೊಲೆಯ 1972ರವರೆಗಿನ ಪಿಕಪ್ಪುಗಳಲ್ಲಿ ಟ್ಯಾಂಕ್ ಇದ್ದದ್ದು ಕ್ಯಾಬಿನ್ನಿನ ಒಳಗೆ, ಸೀಟಿನ ಬೆನ್ನಿಗೆ. ಪೆಟ್ರೋಲಿಗೆ ಒರಗಿಕೊಂಡೇ ಜನ ಗಾಡಿ ಓಡಿಸುತ್ತಿದ್ದರು. 1973ರಿಂದ ಅದನ್ನು ಚಾಸಿಯ ಹೊರಮಗ್ಗುಲಿಗೆ, ಕತ್ತೆಯ ಎರಡು ಬದಿಯ ಹೇರಿನಂತೆ ತಂದರು. ಎರಡು ಟ್ಯಾಂಕ್ ಹಿಡಿಸಿತು, ದೂರ ಹೆಚ್ಚಿತು. ಆದರೆ ಪಕ್ಕದಿಂದ ಗಾಡಿ ಗುದ್ದಿದರೆ ಮೊದಲ ಪೆಟ್ಟು ಟ್ಯಾಂಕಿಗೇ. ಬೆಂಕಿ ಅನಾಹುತಗಳಾಗಿ ಮೊಕದ್ದಮೆಗಳ ಸಾಲೇ ಬಂತು. 1988ರ ಹೊಸ ಮಾದರಿಯಲ್ಲಿ ಟ್ಯಾಂಕ್ ಚಾಸಿಯ ಎರಡು ತೊಲೆಗಳ ನಡುವೆ ಸೇರಿತು. ಇವತ್ತಿಗೂ ಸರಿಯಾದ ಜಾಗ ಅದೇ: ಕೆಳಗೆ, ಎರಡು ಆಕ್ಸಲಿನ ನಡುವೆ, ತೊಲೆಗಳ ಒಳಗೆ.

ದೊಡ್ಡ ಟ್ಯಾಂಕಿಗೆ ನಿಜವಾದ ಅರ್ಥವಿರುವ ದೇಶ ಆಸ್ಟ್ರೇಲಿಯಾ. ಅಲ್ಲಿ ವಿಲೂನಾದಿಂದ ಹಾಲ್ಸ್ ಕ್ರೀಕ್‌ವರೆಗೆ ಮರುಭೂಮಿಯಲ್ಲಿ ಸುಮಾರು 1,850 ಕಿಲೋಮೀಟರಿನ ಕ್ಯಾನಿಂಗ್ ಸ್ಟಾಕ್ ರೂಟ್ ಇದೆ. ದನಗಳನ್ನು ಹೊಡೆದುಕೊಂಡು ಹೋಗಲು ಆಲ್‌ಫ್ರೆಡ್ ಕ್ಯಾನಿಂಗ್ ಎಂಬಾತ 1906-07ರಲ್ಲಿ ಅಳೆದ ದಾರಿ. ಅದರುದ್ದಕ್ಕೂ ಐವತ್ತಕ್ಕೂ ಹೆಚ್ಚು ಬಾವಿಗಳು. ಒಂದು ಬಾವಿಯಿಂದ ಇನ್ನೊಂದಕ್ಕೆ ದನ ಸುಮಾರು ಒಂದು ದಿನ ನಡೆಯುವಷ್ಟು ದೂರ. ದನಕ್ಕೆ ದಿನಕ್ಕೊಂದು ಬಾವಿ, ಗಾಡಿಗೆ ಸಾವಿರ ಕಿಲೋಮೀಟರಿಗೊಂದು ಬಂಕ್. 33ನೇ ಬಾವಿಯ ಹತ್ತಿರದ ಕುನವರಿಟ್ಜಿಯೆಂಬ ಹಳ್ಳಿಯೇ ನಡುವಿನ ಆಸರೆ. ನೂರಾರು ಮರಳುದಿಣ್ಣೆ ಹತ್ತಿ ಇಳಿಯುವಾಗ ಲೀಟರಿಗೆ ಐದೂವರೆ ಸಿಕ್ಕರೆ ಪುಣ್ಯ. ಸಾವಿರಕ್ಕೆ 180 ಲೀಟರ್! ಕ್ಯಾನು ಹೇರಿ ಪೂರೈಸುವಂಥದ್ದಲ್ಲ ಇದು. ಅದಕ್ಕೇ ಅಲ್ಲಿ ಮೂಲ ಟ್ಯಾಂಕನ್ನೇ ಬಿಚ್ಚಿ, ಅದೇ ಜಾಗದಲ್ಲಿ ಚಾಸಿಯ ಉಬ್ಬುತಗ್ಗಿಗೆ ಹೊಂದಿಕೊಳ್ಳುವ ಸುಮಾರು 140 ಲೀಟರಿನ ಟ್ಯಾಂಕ್ ಕೂರಿಸುವುದೇ ಒಂದು ಉದ್ಯಮ. ಪರ್ತ್‌ನಲ್ಲಿರುವ ನನ್ನ ಹಾಸನದ ಗೆಳೆಯ ಹಾಗೆ ಮಾಡಿಸಿಕೊಂಡಿದ್ದಾನೆ. ಫೋನಿನಲ್ಲಿ, "ಮಾರಾಯ, ಟ್ಯಾಂಕ್ ಫುಲ್ ಮಾಡಿಸಿದ ದಿನ ಗಾಡಿ ಬಸುರಿ ಹಾಗೆ ನಡೀತದೆ" ಅಂದ. ಸುಳ್ಳಲ್ಲ. ಡೀಸೆಲ್ ಲೀಟರಿಗೆ ಹೆಚ್ಚುಕಡಿಮೆ 830 ಗ್ರಾಂ ತೂಗುತ್ತದೆ. 60 ಲೀಟರ್ ಹೆಚ್ಚಾದರೆ ಐವತ್ತು ಕಿಲೋ, ಟ್ಯಾಂಕಿನ ಉಕ್ಕು ಬೇರೆ. ಆ ತೂಕವನ್ನು ಎಳೆಯಲೂ ಒಂದಿಷ್ಟು ಡೀಸೆಲ್ ಖರ್ಚು. ಹೊತ್ತ ಬುತ್ತಿಯಲ್ಲಿ ಒಂದು ತುತ್ತನ್ನು ಹೊರುವ ಕೆಲಸವೇ ತಿನ್ನುತ್ತದೆ.

ನಮ್ಮಲ್ಲಿ ಅಂಥ ಸಾವಿರ ಕಿಲೋಮೀಟರಿನ ಬರಗಾಲ ಎಲ್ಲೂ ಇಲ್ಲ. ಕಾನೂನೂ ಒಪ್ಪುವುದಿಲ್ಲ. ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆಯನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಇನ್ನಷ್ಟು ಗಟ್ಟಿಮಾಡಿ ಹೇಳಿದೆ. ಅಪಘಾತವಾದ ದಿನ ವಿಮೆಯವರು ಮೊದಲು ಬಗ್ಗಿ ನೋಡುವುದು ಗಾಡಿಯ ಹೊಟ್ಟೆಯನ್ನೇ. ಕ್ಯಾನಿನಲ್ಲಿ ಒಯ್ಯುವುದಕ್ಕೂ ಲೆಕ್ಕವಿದೆ. ಪೆಟ್ರೋಲಾದರೆ ಲೈಸೆನ್ಸಿಲ್ಲದೆ ಇಟ್ಟುಕೊಳ್ಳಲು 1934ರ ಪೆಟ್ರೋಲಿಯಂ ಕಾಯ್ದೆ ಬಿಡುವುದು 30 ಲೀಟರ್, ಅದೂ 25 ಲೀಟರ್ ಮೀರದ ಲೋಹದ ಪಾತ್ರೆಯಲ್ಲಿ. ಡೀಸೆಲ್ ಅಷ್ಟು ಬೇಗ ಹೊತ್ತಿಕೊಳ್ಳುವಂಥದ್ದಲ್ಲವಾದ್ದರಿಂದ ಅದಕ್ಕೆ ಕಟ್ಟು ಸಡಿಲ. ಆದರೂ ಪ್ಲಾಸ್ಟಿಕ್ ಬಾಟಲಿ ಹಿಡಿದು ಬಂಕಿಗೆ ಹೋದರೆ ಹುಡುಗ ತಲೆಯಾಡಿಸಿ ಕಳಿಸುತ್ತಾನೆ, ಕಳಿಸಬೇಕಾದ್ದೇ.

ಹಾಗಾಗಿ ನನ್ನ ಪ್ರೀತಿಯೆಲ್ಲ ಜೆರ್ರಿ ಕ್ಯಾನಿನ ಮೇಲೆ. 1937ರ ಹೊತ್ತಿಗೆ ಜರ್ಮನಿಯ ಸೈನ್ಯಕ್ಕೆಂದು ತಯಾರಾದ ಈ 20 ಲೀಟರಿನ ಉಕ್ಕಿನ ಡಬ್ಬವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಒತ್ತಿ ತೆಗೆದ ಎರಡು ಹಾಳೆಗಳನ್ನು ಸೇರಿಸಿ ಬೆಸೆದದ್ದು, ಬೆಸುಗೆಯ ಗೆರೆ ಒಳಸರಿದಿದೆ, ಏಟು ಬಿದ್ದರೆ ಅದಕ್ಕೆ ತಗಲುವುದಿಲ್ಲ. ಬದಿಗಳಲ್ಲಿ ಗುಣಾಕಾರ ಚಿಹ್ನೆಯಂಥ ಮಡಿಕೆ. ತಗಡಿಗೆ ಬಲ ಕೊಡುವುದೂ ಅದೇ, ಎಣ್ಣೆ ಹಿಗ್ಗಿದಾಗ ಜಾಗ ಬಿಡುವುದೂ ಅದೇ. ಮುಚ್ಚಳಕ್ಕೆ ತಿರುಪಿಲ್ಲ, ಸ್ಪ್ಯಾನರ್ ಬೇಡ, ಕೊಕ್ಕೆ ಒತ್ತಿದರೆ ಟಕ್ ಅಂತ ಕೂರುತ್ತದೆ. ತುಂಬಿಸಿದ ಮೇಲೂ ಮೇಲ್ಗಡೆಯ ಗೂನಿನಲ್ಲಿ ಗಾಳಿ ಉಳಿಯುತ್ತದೆ, ನೀರಿಗೆ ಬಿದ್ದರೆ ತೇಲುತ್ತದೆ. ನನ್ನ ಪ್ಲಾಸ್ಟಿಕ್ ಕ್ಯಾನಿಗೆ ಇಲ್ಲದೇ ಹೋದದ್ದು ಆ ಗೂನೇ. ಬ್ರಿಟಿಷರು ಉತ್ತರ ಆಫ್ರಿಕದ ಮರುಭೂಮಿಗೆ ಒಯ್ದದ್ದು ತೆಳು ತಗಡಿನ ನಾಲ್ಕು ಗ್ಯಾಲನ್ ಡಬ್ಬ. ಅದು ದಾರಿಯುದ್ದಕ್ಕೂ ಸೋರುತ್ತಿತ್ತು. ಜರ್ಮನ್ನರದ್ದು ಕೈಗೆ ಸಿಕ್ಕಿದ ಮೇಲೆ ಅದನ್ನೇ ನಕಲು ಮಾಡಿದರು, ಶತ್ರುವಿಗೆ ಇಟ್ಟಿದ್ದ ಅಡ್ಡಹೆಸರನ್ನೇ ಡಬ್ಬಕ್ಕೂ ಇಟ್ಟರು.

ಈ ಕ್ಯಾನಿಗೂ ಭಾರತಕ್ಕೂ ಒಂದು ನಂಟಿದೆ. 1939ರ ಬೇಸಿಗೆಯಲ್ಲಿ ಬರ್ಲಿನ್‌ನಲ್ಲಿದ್ದ ಅಮೆರಿಕದ ಎಂಜಿನಿಯರ್ ಪಾಲ್ ಪ್ಲೈಸ್ ತನ್ನ ಜರ್ಮನ್ ಸಹೋದ್ಯೋಗಿಯ ಜೊತೆ ಕಾರಿನಲ್ಲಿ ಭಾರತಕ್ಕೆ ಹೊರಟ. ಹೊರಡುವ ತಯಾರಿಯಲ್ಲಿದ್ದಾಗ ಹೊಳೆಯಿತು, ತುರ್ತಿಗೆ ನೀರು ತುಂಬಿಕೊಳ್ಳಲು ಏನೂ ಇಲ್ಲವೆಂದು. ಆ ಜರ್ಮನ್, ಟೆಂಪಲ್‌ಹೋಫ್ ವಿಮಾನ ನಿಲ್ದಾಣದ ಉಗ್ರಾಣದಿಂದ ಮೂರು ಕ್ಯಾನು ತಂದ. ಆಗ ಅದು ಸೈನ್ಯದ ಗುಟ್ಟು. ಕೊನೆಗೆ ಪ್ಲೈಸ್ ಒಬ್ಬನೇ ಕಲ್ಕತ್ತೆ ತಲುಪಿದ. ಮಿತ್ರರಾಷ್ಟ್ರಗಳ ಪಾಳಯಕ್ಕೆ ಈ ಡಬ್ಬದ ವಿನ್ಯಾಸ ದಾಟಿದ ದಾರಿಗಳಲ್ಲಿ ಅದೂ ಒಂದು. ಯುದ್ಧದ ಗುಟ್ಟೊಂದು ಇಬ್ಬರು ಪ್ರವಾಸಿಗರ ಬುತ್ತಿಯಾಗಿ ನಮ್ಮ ದೇಶಕ್ಕೆ ಬಂದಿತ್ತು.

ತುಂಬಿಸುವಾಗ ಒಂದು ಮಾತು ನೆನಪಿರಲಿ. ಕ್ಯಾನನ್ನು ಪಿಕಪ್ಪಿನ ಬಾಡಿಯಲ್ಲೇ ಇಟ್ಟು ತುಂಬಿಸಬೇಡಿ, ಅದರಲ್ಲೂ ಕೆಳಗೆ ಪ್ಲಾಸ್ಟಿಕ್ ಹಾಸಿದ್ದರೆ. ಎಣ್ಣೆ ಹರಿಯುವಾಗ ಹುಟ್ಟುವ ವಿದ್ಯುತ್ತಿಗೆ ನೆಲಕ್ಕಿಳಿಯಲು ದಾರಿಯಿಲ್ಲದೆ ಕಿಡಿ ಹಾರಿದರೆ, ಪೆಟ್ರೋಲಿನ ಆವಿಗೆ ಅಷ್ಟೇ ಸಾಕು. ಕೆಳಗಿಳಿಸಿ, ನೆಲದ ಮೇಲಿಟ್ಟು, ನಳಿಕೆಯನ್ನು ಬಾಯಿಗೆ ತಾಗಿಸಿ ಹಿಡಿದು ತುಂಬಿಸಿ. ಚಳಿಗಾಲದಲ್ಲಿ ಲಡಾಖ್‌ಗೆ ಹೋಗುವವರು ಬಯಲಿನ ಡೀಸೆಲ್ಲನ್ನು ಬುತ್ತಿ ಕಟ್ಟಲೇಬೇಡಿ. ಅದು ಚಳಿಗೆ ತುಪ್ಪದಂತೆ ಹೆಪ್ಪುಗಟ್ಟಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಅಲ್ಲಿಗೆಂದೇ ಮೈನಸ್ 33 ಡಿಗ್ರಿವರೆಗೂ ಹರಿಯುವ ಡೀಸೆಲ್ 2019ರಿಂದ ಬಂದಿದೆ, ಅದನ್ನೇ ಹಾಕಿಸಿ.

ಎರಡನೇ ಸಲ ನಾವು ಹೋದದ್ದು ಹಾನ್ಲೆಗೆ. ಅಲ್ಲಿನ ಬೆಟ್ಟದ ಮೇಲಿರುವ ದೊಡ್ಡ ದೂರದರ್ಶಕವನ್ನು ನಡೆಸುವವರು ನಮ್ಮ ಹೊಸಕೋಟೆಯಲ್ಲಿ ಕೂತಿರುತ್ತಾರೆ, ಉಪಗ್ರಹ ಸಂಪರ್ಕದಲ್ಲಿ. ಹೊಸಕೋಟೆಯಲ್ಲಿ ಕೂತು ಕಾಣಬಹುದಾದ ಆಕಾಶಕ್ಕಾಗಿ ನಾವು ನಲವತ್ತು ಲೀಟರ್ ಡೀಸೆಲ್ ಹೊತ್ತು ಹೋಗಿದ್ದೆವು. ಸಂಜೆ ಮುಳ್ಳು ಕಾಲಿಗಿಂತ ಕೆಳಗಿಳಿದಾಗ ಒಂದು ಕ್ಯಾನು ಸುರಿಯೋಣವೆಂದು ಎತ್ತಿಕೊಂಡೆ. ಡಬ್ಬ ಸೇರಿ ಇಪ್ಪತ್ತು ಇಪ್ಪತ್ತೊಂದು ಕಿಲೋ. ಮನೆಯಲ್ಲಾದರೆ ಅಕ್ಕಿ ಮೂಟೆಯಂತೆ ಎತ್ತಿ ನಡೆಯುತ್ತಿದ್ದೆ. ಅಲ್ಲಿ ನಾಲ್ಕು ಹೆಜ್ಜೆಗೆ ಉಸಿರು ಕಟ್ಟಿತು, ಕೆಳಗಿಟ್ಟು ಗಾಡಿಗೆ ಒರಗಿದೆ.

ಜೆರ್ರಿ ಕ್ಯಾನಿನ ನೆತ್ತಿಯ ಮೇಲೆ ಮೂರು ಹಿಡಿಗಳಿವೆ. ಒಬ್ಬನೇ ಎತ್ತುವಾಗ ನಡುವಿನದ್ದು ಸಾಕು. ಉಳಿದೆರಡು ಯಾಕೆಂದು ಓದಿ ತಿಳಿದಿದ್ದೆ, ಕೈಯಿಂದ ತಿಳಿದದ್ದು ಅವತ್ತು. ಭಾವಮೈದುನ ಏನೂ ಹೇಳದೆ ಆಚೆ ಬದಿಯ ಹಿಡಿಗೆ ಕೈ ಹಾಕಿದ, ನಾನು ಈಚೆಯದಕ್ಕೆ. ಇಬ್ಬರ ನಡುವೆ ತೂಗುತ್ತ ಬಂದ ಕ್ಯಾನು ಹನಿಯೂ ಚೆಲ್ಲದೆ ಖಾಲಿಯಾಯಿತು. ಇನ್ನೊಂದನ್ನು ಕೊನೆಯವರೆಗೂ ತೆರೆಯಲಿಲ್ಲ. ಆಮೇಲೆ ಹಿಂದಿನ ಸೀಟಿನಿಂದ ಊಟದ ಡಬ್ಬ ಇಳಿಸಿದೆವು. ಅವನು ಅಭ್ಯಾಸಬಲದಿಂದ ಮೊದಲು ಮೂಸಿ ನೋಡಿದ. ಒಗ್ಗರಣೆಯ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ.