ಉಪದೇಶಪೀಠದಿಂದ ಬಲಿಪೀಠಕ್ಕೆ: ರೌಷೆನ್‌ಬುಷ್‌ರ ಸಾಮಾಜಿಕ ಶುಭಸಂದೇಶದ ಮರುವಿಮರ್ಶೆ

ಕೈಗಾರಿಕೀಕರಣದ ಕಾಲದಲ್ಲಿ ಪ್ರೊಟೆಸ್ಟಂಟ್ ಸಭೆಗಳು ಅಮೆರಿಕದ ಸಮಾಜದ ಮೇಲೆ ಬೀರಿದ ಪ್ರಭಾವವನ್ನು ಅರಿಯಬಯಸುವವರು ಮೊದಲು ಓದಬೇಕಾದ ಗ್ರಂಥಗಳಲ್ಲಿ ವಾಲ್ಟರ್ ರೌಷೆನ್‌ಬುಷ್‌ರ ‘ಕ್ರಿಶ್ಚಿಯಾನಿಟಿ ಆ್ಯಂಡ್ ದ ಸೋಷಿಯಲ್ ಕ್ರೈಸಿಸ್’ (1907) ಒಂದು. ನಮ್ಮ ತರಗತಿಗಳಲ್ಲಿ ಹದಿಮೂರನೆಯ ಲಿಯೋ ಜಗದ್ಗುರುಗಳ ‘ರೇರುಮ್ ನೊವಾರುಮ್’ (1891) ವಿಶ್ವಪತ್ರವನ್ನು ವಿವರಿಸುವಾಗ ಈ ಗ್ರಂಥದ ಹೆಸರನ್ನು ಹೇಳಿ ಮುಂದೆ ಸಾಗುವುದುಂಟು. ಬೀದರ್ ಸೀಮೆಯಲ್ಲಿ ಸೇವೆಗೆ ಅಣಿಯಾಗುವವರಿಗೆ ಅಷ್ಟು ಸಾಲದು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆಗೆ ಬಂದು ಶಾಲೆ, ಆಸ್ಪತ್ರೆಗಳನ್ನು ಕಟ್ಟಿದ್ದು ಅಮೆರಿಕದ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆ. ಆ ಚಿಂತನೆಗೆ ಸಭೆಯ ಅಧಿಕೃತ ಘೋಷಣೆಯ ರೂಪವನ್ನು ಮೊದಲು ಕೊಟ್ಟದ್ದೂ ಅದೇ ಸಭೆ. ಆದ್ದರಿಂದ ಈ ಗ್ರಂಥದ ಗುಣದೋಷಗಳ ಪರಿಶೀಲನೆ ನಮಗೆ ದೂರದ ವಿಷಯವಲ್ಲ.

ರೌಷೆನ್‌ಬುಷ್ ಬ್ಯಾಪ್ಟಿಸ್ಟ್ ಪಾಲಕರು. 1886ರಿಂದ 1897ರವರೆಗೆ ನ್ಯೂಯಾರ್ಕ್ ನಗರದ ‘ಹೆಲ್ಸ್ ಕಿಚನ್’ ಎಂಬ ಬಡವರ ಬಡಾವಣೆಯ ಅಂಚಿನಲ್ಲಿದ್ದ ಜರ್ಮನ್ ವಲಸಿಗರ ಸಭೆಯನ್ನು ಅವರು ನಡೆಸಿದರು. ಅಲ್ಲಿ ಮಕ್ಕಳ ಶವಸಂಸ್ಕಾರಗಳನ್ನು ಮತ್ತೆ ಮತ್ತೆ ನೆರವೇರಿಸಿದ ಅನುಭವವೇ ಅವರ ದೈವಶಾಸ್ತ್ರದ ಬೇರು. ಪ್ರವಾದಿಗಳಿಂದ ಆರಂಭಿಸಿ, ಯೇಸುಸ್ವಾಮಿಯ ಬೋಧನೆಯ ಕೇಂದ್ರ ದೇವರ ಸಾಮ್ರಾಜ್ಯವೆಂದು ತೋರಿಸಿ, ಆ ಸಾಮ್ರಾಜ್ಯ ವ್ಯಕ್ತಿಯ ಆತ್ಮರಕ್ಷಣೆಗೆ ಸೀಮಿತವಲ್ಲವೆಂದು ಅವರು ವಾದಿಸುತ್ತಾರೆ. 1908ರಲ್ಲಿ ಮೆಥಡಿಸ್ಟರು ಅಂಗೀಕರಿಸಿದ ‘ಸಾಮಾಜಿಕ ವಿಶ್ವಾಸ ಪ್ರಮಾಣ’ ಬಾಲಕಾರ್ಮಿಕ ಪದ್ಧತಿಯ ನಿರ್ಮೂಲನ, ಅಪಾಯಕಾರಿ ಯಂತ್ರಗಳಿಂದ ರಕ್ಷಣೆ, ವಾರಕ್ಕೊಂದು ದಿನದ ವಿಶ್ರಾಂತಿ, ಬದುಕಲು ಸಾಲುವಷ್ಟು ಕೂಲಿ ಇವುಗಳನ್ನು ಕೇಳಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ಪ್ರೊಟೆಸ್ಟಂಟ್ ಸಭೆಗಳ ಒಕ್ಕೂಟವೂ ಅದನ್ನು ವಿಸ್ತರಿಸಿ ಸ್ವೀಕರಿಸಿತು. ಕೂಲಿಯ ಪ್ರಶ್ನೆ ವಿಶ್ವಾಸದ ಪ್ರಶ್ನೆಯೂ ಹೌದೆಂದು ಸಭೆಯೊಂದು ಅಧಿಕೃತವಾಗಿ ಒಪ್ಪಿದ್ದು ಸಣ್ಣ ಸಾಧನೆಯಲ್ಲ. ಭಾಲ್ಕಿಯ ಸಕ್ಕರೆ ಕಾರ್ಖಾನೆ, ಬೀದರಿನ ಕೊಳಾರ ಕೈಗಾರಿಕಾ ಪ್ರದೇಶ, ಕೆಲಸವನ್ನರಸಿ ಔರಾದ್ ತಾಲ್ಲೂಕಿನಿಂದ ಹೈದರಾಬಾದು, ಪುಣೆಗಳಿಗೆ ಹೋಗುವ ಕುಟುಂಬಗಳು, ಇವುಗಳ ನಡುವೆ ಪ್ರಬೋಧನೆ ಮಾಡುವವನಿಗೆ ಆ ಪ್ರಮಾಣ ಇಂದಿಗೂ ಹಳತಾಗಿಲ್ಲ.

ಆದರೆ ಈ ದೈವಶಾಸ್ತ್ರಕ್ಕೆ ಒಂದು ಕುರುಡು ಬದಿಯಿದೆ. ‘ಎ ಥಿಯಾಲಜಿ ಫಾರ್ ದ ಸೋಷಿಯಲ್ ಗಾಸ್ಪೆಲ್’ (1917) ಎಂಬ ತಮ್ಮ ಕೊನೆಯ ಮುಖ್ಯ ಕೃತಿಯಲ್ಲಿ ರೌಷೆನ್‌ಬುಷ್ ಕ್ರಿಸ್ತರನ್ನು ಶಿಲುಬೆಗೇರಿಸಿದ ಆರು ಸಾರ್ವಜನಿಕ ಪಾಪಗಳನ್ನು ಹೆಸರಿಸುತ್ತಾರೆ. ಧಾರ್ಮಿಕ ಮತಾಂಧತೆಯಿಂದ ಆರಂಭವಾಗುವ ಆ ಪಟ್ಟಿ ವರ್ಗತಿರಸ್ಕಾರದಲ್ಲಿ ಮುಗಿಯುತ್ತದೆ. ಬಂಡವಾಳದ ಅನ್ಯಾಯವನ್ನು ಅಷ್ಟು ಸ್ಪಷ್ಟವಾಗಿ ಕಂಡ ಕಣ್ಣು ವರ್ಣಭೇದದ ಮುಂದೆ ಮಂಕಾಗುತ್ತದೆ. ತಮ್ಮ ನಾಡಿನ ಕಪ್ಪು ಜನರ ಬವಣೆಯ ಬಗ್ಗೆ ಅವರ ಪ್ರಮುಖ ಗ್ರಂಥಗಳು ಹೇಳುವುದು ಅತ್ಯಲ್ಪ. ಮೆಥಡಿಸ್ಟರ ಇತಿಹಾಸವೂ ಇದನ್ನೇ ಸಾರುತ್ತದೆ: 1939ರಲ್ಲಿ ಅವರ ಸಭೆಗಳು ಒಂದಾದಾಗ ಕಪ್ಪು ಸದಸ್ಯರಿಗಾಗಿ ಪ್ರತ್ಯೇಕ ಆಡಳಿತ ವಿಭಾಗವೊಂದನ್ನು ರಚಿಸಲಾಯಿತು; ಅದು 1968ರವರೆಗೆ ಉಳಿಯಿತು. ಕೂಲಿಯ ನ್ಯಾಯವನ್ನು ಘೋಷಿಸಿದ ಸಭೆಗೆ ಪಂಕ್ತಿಯ ನ್ಯಾಯ ಕಷ್ಟವಾಯಿತು.

ಬೀದರಿನ ನೆಲದಿಂದ ನೋಡಿದಾಗ ಈ ಕೊರತೆ ಎದ್ದು ಕಾಣುತ್ತದೆ. ಮೆಥಡಿಸ್ಟರ ಬೋಧನೆಗೆ ಇಲ್ಲಿ ಓಗೊಟ್ಟವರಲ್ಲಿ ಬಹುಪಾಲು ಜನ ಅಸ್ಪೃಶ್ಯರೆನಿಸಿಕೊಂಡ ಸಮುದಾಯಗಳವರು. ಅವರನ್ನು ಕಟ್ಟಿಹಾಕಿದ್ದು ಯಂತ್ರವಲ್ಲ. ಭೂಮಿಯೊಡೆತನ ಮತ್ತು ಜಾತಿ. ಜಾತಿ ಕೂಲಿಯಲ್ಲಿ ಮಾತ್ರವಲ್ಲ, ಊಟದಲ್ಲಿ, ನೀರಿನಲ್ಲಿ, ಸ್ಪರ್ಶದಲ್ಲಿ ಬದುಕುತ್ತದೆ. ಇದನ್ನು ಈ ಜಿಲ್ಲೆಯ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದ ಶರಣರು ಅರಿತಿದ್ದರು. ಕಾಯಕದ ಜೊತೆಗೆ ದಾಸೋಹವನ್ನೂ ಅವರು ಇಟ್ಟದ್ದು ಸುಮ್ಮನೆ ಅಲ್ಲ.

ಇಲ್ಲಿಯೇ ರೌಷೆನ್‌ಬುಷ್‌ರ ಇನ್ನೊಂದು ವಾದವನ್ನು ಒರೆಗೆ ಹಚ್ಚಬೇಕು. ಧರ್ಮಸಭೆ ಸಮಾಜವನ್ನು ಏಕೆ ಪರಿವರ್ತಿಸಲಿಲ್ಲವೆಂದು ಕೇಳುವ ನಾಲ್ಕನೆಯ ಅಧ್ಯಾಯದಲ್ಲಿ ಅವರು ಆರಾಧನಾ ವಿಧಿಗಳನ್ನೂ ಸನ್ಯಾಸವನ್ನೂ ಕಾರಣಗಳಾಗಿ ಎಣಿಸುತ್ತಾರೆ. ಸಂಸ್ಕಾರಗಳಲ್ಲಿ ವ್ಯಯವಾದ ಶಕ್ತಿ ನ್ಯಾಯಕ್ಕೆ ದೊರೆಯಲಿಲ್ಲವೆಂಬುದು ಅವರ ಆಕ್ಷೇಪ. ಸಂತ ಪೌಲರು ಇದಕ್ಕೆ ಮೊದಲೇ ಉತ್ತರಿಸಿದ್ದಾರೆ. ಕೊರಿಂಥದಲ್ಲಿ ಒಬ್ಬ ಹಸಿದಿರಲು ಮತ್ತೊಬ್ಬ ಅಮಲೇರಿದ್ದಾಗ ಅವರು ಪ್ರಭುಭೋಜನವನ್ನು ಬದಿಗೊತ್ತಲಿಲ್ಲ; ಆ ಭೋಜನದ ಹೆಸರಿನಲ್ಲಿಯೇ ತೀರ್ಪು ನೀಡಿದರು. ಪಂಕ್ತಿಭೇದವೇ ಸಮಾಜದ ಅಡಿಪಾಯವಾಗಿರುವ ನಾಡಿನಲ್ಲಿ ಒಂದೇ ರೊಟ್ಟಿ, ಒಂದೇ ಪಾನಪಾತ್ರೆ ಎಂಬುದು ಸಾಮಾಜಿಕ ಕ್ರಿಯೆ. ಅದೇ ಪ್ರಗತಿಪರ ಸುಧಾರಣೆಯ ಕಾಲದಲ್ಲಿ, 1890ರ ದಶಕದಿಂದ, ಅಮೆರಿಕದ ಅನೇಕ ಪ್ರೊಟೆಸ್ಟಂಟ್ ಸಭೆಗಳು ರೋಗಾಣುಗಳ ಭಯದಿಂದ ಒಂದೇ ಪಾತ್ರೆಯನ್ನು ಬಿಟ್ಟು ಒಬ್ಬೊಬ್ಬರಿಗೂ ಪುಟ್ಟ ಬಟ್ಟಲು ಕೊಡತೊಡಗಿದವು. ಆರೋಗ್ಯದ ಕಾರಣ ಸಹಜವೇ. ಆದರೆ ಕಳೆದುಹೋದ ಸಂಕೇತದ ಬೆಲೆಯನ್ನೂ ತೂಗಬೇಕಿತ್ತು.

ಹೀಗೆಂದು ಕಥೋಲಿಕರು ಬೀಗುವಂತಿಲ್ಲ. ಶತಮಾನಗಳ ಕಾಲ ಶ್ರೀಸಾಮಾನ್ಯ ವಿಶ್ವಾಸಿಗೆ ಪಾನಪಾತ್ರೆಯನ್ನೇ ಕೊಡದೆ ಇದ್ದವರು ನಾವು. ಭಾರತದ ಧರ್ಮಾಧ್ಯಕ್ಷರ ಮಂಡಳಿ ದಲಿತ ಸಬಲೀಕರಣದ ನೀತಿಯನ್ನು ಪ್ರಕಟಿಸಿದ್ದು 2016ರಲ್ಲಿ. ದಲಿತ ಕ್ರೈಸ್ತರನ್ನು ಪರಿಶಿಷ್ಟ ಜಾತಿಗಳ ಪಟ್ಟಿಯಿಂದ ಹೊರಗಿಟ್ಟ 1950ರ ಆದೇಶವನ್ನು ನಾವು ನ್ಯಾಯವಾಗಿಯೇ ಪ್ರಶ್ನಿಸುತ್ತೇವೆ. ನಮ್ಮ ಪಂಕ್ತಿಗಳನ್ನು ಅಷ್ಟೇ ನಿಷ್ಠುರವಾಗಿ ಪ್ರಶ್ನಿಸಿದ್ದೇವೆಯೇ? ಹಲವು ವರ್ಷಗಳ ಹಿಂದೆ ಔರಾದ್ ಕಡೆಯ ಹಳ್ಳಿಯೊಂದರಲ್ಲಿ ಬಲಿಪೂಜೆ ಅರ್ಪಿಸಿದ ಮೇಲೆ ಊಟಕ್ಕೆ ಕುಳಿತಾಗ ಎರಡು ಪಂಕ್ತಿಗಳಾದುದನ್ನು ನಾನು ಕಂಡೆ. ಅರ್ಧ ಗಂಟೆಯ ಹಿಂದೆ ಅವರೆಲ್ಲರೂ ನನ್ನ ಕೈಯಿಂದ ಒಂದೇ ಪರಮಪ್ರಸಾದವನ್ನು ಸ್ವೀಕರಿಸಿದ್ದರು. ಹಬ್ಬದ ದಿನ ಮನಸ್ತಾಪವೇಕೆಂದು ಸುಮ್ಮನಾದೆ, ಬಡಿಸಿದ್ದನ್ನು ಉಂಡೆ. ರೌಷೆನ್‌ಬುಷ್‌ರ ಆಕ್ಷೇಪ ಆ ದಿನ ನನ್ನ ಮಟ್ಟಿಗೆ ಸತ್ಯವಾಗಿತ್ತು: ನನ್ನ ಸಂಸ್ಕಾರ ಬಲಿಪೀಠದಲ್ಲಿಯೇ ಮುಗಿದಿತ್ತು.

ಎರಡನೆಯ ಜಾನ್ ಪಾಲ್ ಜಗದ್ಗುರುಗಳು ‘ಸೊಲ್ಲಿಚಿತುದೊ ರೇಯಿ ಸೊಚ್ಯಾಲಿಸ್’ (1987) ವಿಶ್ವಪತ್ರದಲ್ಲಿ ‘ಪಾಪದ ರಚನೆಗಳ’ ಕುರಿತು ಬೋಧಿಸುತ್ತ, ಆ ರಚನೆಗಳು ವ್ಯಕ್ತಿಗಳ ಪಾಪಗಳಲ್ಲಿಯೇ ಬೇರೂರಿವೆ ಎಂದು ಎಚ್ಚರಿಸಿದರು. ನನ್ನ ಆ ಮೌನವೂ ಅಂಥ ಒಂದು ಬೇರು. ಆದ್ದರಿಂದ ಗುರುವಿದ್ಯಾರ್ಥಿಗಳು ರೌಷೆನ್‌ಬುಷ್‌ರನ್ನು ಓದಲಿ, ಕೂಲಿಯ ನ್ಯಾಯವನ್ನು ಅವರಿಂದ ಕಲಿಯಲಿ. ಅವರು ಬದಿಗಿಟ್ಟ ಬಲಿಪೀಠಕ್ಕೆ ಆ ನ್ಯಾಯವನ್ನು ಮರಳಿ ತರಲಿ. ಬಲಿಪೂಜೆಯ ನಂತರದ ಊಟದಲ್ಲಿ ತಾವು ಯಾವ ಪಂಕ್ತಿಯಲ್ಲಿ ಕೂರುವರೆಂಬುದನ್ನು ಗುರುದೀಕ್ಷೆಗೆ ಮೊದಲೇ ತೀರ್ಮಾನಿಸಿಕೊಳ್ಳಲಿ.