ಚಿತ್ರದಲ್ಲಿ ಇಲ್ಲದ ನಾಲ್ಕನೆಯ ಗಿಡ

ಸಸ್ಯ ಶರೀರಕ್ರಿಯಾ ವಿಜ್ಞಾನದ ಪಠ್ಯಗಳಲ್ಲಿ ದಶಕಗಳಿಂದ ಅಚ್ಚಾಗುತ್ತ ಬಂದಿರುವ ಒಂದು ಪ್ರಸಿದ್ಧ ಚಿತ್ರವಿದೆ. ಅದರಲ್ಲಿರುವುದು ಮೂರು ಕ್ಯಾರೆಟ್ ಗಿಡಗಳು. ಮೊದಲನೆಯದಕ್ಕೆ ಶೀತವೂ ಇಲ್ಲ, ಹಾರ್ಮೋನೂ ಇಲ್ಲ. ಅದು ನೆಲಕ್ಕಂಟಿದ ಎಲೆಗಳ ಗುಚ್ಛವಾಗಿಯೇ ಉಳಿದಿದೆ. ಎರಡನೆಯದಕ್ಕೆ ಶೀತವಿಲ್ಲ, ಆದರೆ ದಿನಕ್ಕೆ 10 ಮೈಕ್ರೋಗ್ರಾಮ್‌ನಂತೆ ಜಿಬ್ಬರೆಲಿನ್ ಕೊಡಲಾಗಿದೆ. ಮೂರನೆಯದನ್ನು ಕೆಲವು ವಾರ ಶೀತದಲ್ಲಿ ಇಡಲಾಗಿತ್ತು. ಕೊನೆಯ ಎರಡೂ ಗಿಡಗಳಲ್ಲಿ ಕಾಂಡ ಎತ್ತರಕ್ಕೆ ಎದ್ದು ಹೂ ಬಿಟ್ಟಿದೆ. ಈ ಪ್ರಯೋಗವನ್ನು ಆಂಟನ್ ಲ್ಯಾಂಗ್ 1957ರಲ್ಲಿ ಪ್ರಕಟಿಸಿದರು.

ಪ್ರಯೋಗ ಚೊಕ್ಕವಾಗಿದೆ. ತಕರಾರು ಇರುವುದು ಚಿತ್ರದ ಕೆಳಗೆ ನಾವು ಬರೆಸುವ ಟಿಪ್ಪಣಿಯ ಬಗ್ಗೆ. ‘ಜಿಬ್ಬರೆಲಿನ್ ಶೀತಕ್ಕೆ ಬದಲಿ’ ಎಂದು ಶುರುವಾಗುವ ವಾಕ್ಯ, ಗೈಡುಗಳನ್ನು ದಾಟಿ ಉತ್ತರಪತ್ರಿಕೆಗೆ ಬರುವಷ್ಟರಲ್ಲಿ ‘ಶೀತವು ಜಿಬ್ಬರೆಲಿನ್ ಮೂಲಕ ಕೆಲಸ ಮಾಡುತ್ತದೆ’ ಎಂದಾಗಿರುತ್ತದೆ. ಎರಡಕ್ಕೂ ಪೂರ್ಣ ಅಂಕ ಸಿಗುತ್ತದೆ. ಆದರೆ ಇವೆರಡೂ ಒಂದೇ ಮಾತಲ್ಲ.

ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಹೋಗಬಹುದು, ಬಸ್ಸಿನಲ್ಲೂ ಹೋಗಬಹುದು. ತಲಪಿದ ಊರು ಒಂದೇ ಎಂದ ಮಾತ್ರಕ್ಕೆ ರೈಲು ರಸ್ತೆಯ ಮೇಲೆ ಓಡಿತು ಎನ್ನಲಾದೀತೆ?

ಕಾಂಡ ಬೇರೆ, ಹೂ ಬೇರೆ

ಎಲೆಕೋಸು, ಕ್ಯಾರೆಟ್, ಬೀಟ್‌ರೂಟ್‌ಗಳ ಶೀತವಲಯದ ತಳಿಗಳಲ್ಲಿ ಕಾಂಡ ಇಲ್ಲವೇ ಇಲ್ಲ ಎನ್ನುವಷ್ಟು ಗಿಡ್ಡ. ಗಿಣ್ಣುಗಳು ಒಂದರ ಮೇಲೊಂದು ಒತ್ತಾಗಿರುತ್ತವೆ. ಚಳಿಗಾಲ ಕಳೆದ ಮೇಲೆ ಗಿಣ್ಣುಗಳ ನಡುವಿನ ಅಂತರ ಒಮ್ಮೆಲೇ ಹಿಗ್ಗಿ ಕಾಂಡ ನೆಟ್ಟಗೆ ಏಳುತ್ತದೆ. ಇದೇ ಬೋಲ್ಟಿಂಗ್. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಎಲೆಕೋಸು ಸಾಕಷ್ಟು ಬೆಳೆದರೂ ನಮ್ಮ ವಿದ್ಯಾರ್ಥಿಗಳು ಅದರ ಹೂವನ್ನು ನೋಡಿರುವುದು ಅಪರೂಪ. ಅದು ಹೂ ಬಿಡಲು ಬೇಕಾದ ದೀರ್ಘ ಚಳಿ ಇಲ್ಲಿ ಸಿಗುವುದಿಲ್ಲ. ಇಂಥ ತಳಿಗಳ ಬೀಜೋತ್ಪಾದನೆಗೆ ಹಿಮಾಚಲದ ಕುಲು ಕಣಿವೆಯಂಥ ತಂಪು ಪ್ರದೇಶಗಳೇ ಆಗಬೇಕು.

ಬೋಲ್ಟಿಂಗ್‌ನಲ್ಲಿ ಎರಡು ಘಟನೆಗಳು ಒಟ್ಟೊಟ್ಟಿಗೆ ನಡೆಯುತ್ತವೆ: ಕಾಂಡ ನೀಳವಾಗುವುದು, ತುದಿಯಲ್ಲಿ ಹೂಮೊಗ್ಗು ಮೂಡುವುದು. ಒಟ್ಟಿಗೆ ನಡೆಯುವುದರಿಂದ ನಾವು ಅವನ್ನು ಒಂದೇ ಎಂದು ಎಣಿಸುತ್ತೇವೆ. ಆದರೆ ಕ್ರಮವನ್ನು ಗಮನಿಸಿ. ಶೀತ ಪಡೆದ ಗಿಡದಲ್ಲಿ ಮೊಗ್ಗು ಕಾಂಡ ಏಳುವ ಮೊದಲೇ ಅಥವಾ ಅದರ ಜೊತೆಗೇ ಮೂಡುತ್ತದೆ. ಜಿಬ್ಬರೆಲಿನ್ ಪಡೆದ ಗಿಡದಲ್ಲಿ ಮೊದಲು ಕಾಂಡ ಏಳುತ್ತದೆ, ಮೊಗ್ಗು ಆಮೇಲೆ. ಕೆಲವು ಗಿಡಗಳಲ್ಲಿ ಕಾಂಡ ಎದ್ದರೂ ಹೂ ಬಾರದೆ ಹೋಗುವುದುಂಟು. ದಾರಿ ಬೇರೆ ಎಂಬುದಕ್ಕೆ ಇದೇ ಮೊದಲ ಸುಳಿವು.

ಎರಡನ್ನೂ ಇನ್ನಷ್ಟು ಸ್ಪಷ್ಟವಾಗಿ ಬೇರ್ಪಡಿಸಿ ತೋರಿಸುವ ಗಿಡ ಟ್ಯೂಲಿಪ್. ಅದರ ಹೂವಿನ ಭಾಗಗಳೆಲ್ಲ ಬೇಸಿಗೆಯಲ್ಲೇ ಗಡ್ಡೆಯೊಳಗೆ ರೂಪುಗೊಂಡಿರುತ್ತವೆ. ಶೀತ ಬೇಕಾಗುವುದು ಆಮೇಲೆ, ಹೂದಂಟು ಉದ್ದವಾಗುವುದಕ್ಕೆ. ಶೀತ ಸಾಲದ ಗಡ್ಡೆಯ ದಂಟು ಮೋಟಾಗಿ ಉಳಿಯುತ್ತದೆ.

ತದ್ವಿರುದ್ಧ ಉದಾಹರಣೆ ನಮ್ಮ ತೋಟದಲ್ಲೇ ಇದೆ. ಮಾವಿಗೆ ಜಿಬ್ಬರೆಲಿನ್ ಸಿಂಪಡಿಸಿದರೆ ಹೂ ಬರುವುದಿಲ್ಲ, ಹಿಂದೆ ಸರಿಯುತ್ತದೆ. ಮಾವು ಬೆಳೆಗಾರರಲ್ಲಿ ಹಲವರಿಗೆ ಪರಿಚಿತವಾದ ಪ್ಯಾಕ್ಲೋಬ್ಯುಟ್ರಜಾಲ್, ಮರದಲ್ಲಿ ಜಿಬ್ಬರೆಲಿನ್ ತಯಾರಾಗುವುದನ್ನು ತಡೆದೇ ಹೂ ಬಿಡಿಸುತ್ತದೆ. ಹೀಗಿರುವಾಗ ‘ಜಿಬ್ಬರೆಲಿನ್ ಹೂ ಬಿಡಿಸುವ ಹಾರ್ಮೋನು’ ಎಂದು ಎಲ್ಲ ಗಿಡಗಳಿಗೂ ಸೇರಿಸಿ ಹೇಳುವುದು ತಪ್ಪಾಗುತ್ತದೆ.

ಆ ನಾಲ್ಕನೆಯ ಗಿಡ

ಚಿತ್ರದಲ್ಲಿ ಇಲ್ಲದ್ದು ಯಾವುದು? ಶೀತವನ್ನು ಪೂರ್ತಿ ಪಡೆದ, ಆದರೆ ಒಳಗೆ ಜಿಬ್ಬರೆಲಿನ್ ತಯಾರಿಸಲಾರದ ಗಿಡ. ಶೀತದ ಸಂದೇಶ ಜಿಬ್ಬರೆಲಿನ್ ಮೂಲಕವೇ ಸಾಗುವುದಾದರೆ ಈ ಗಿಡಕ್ಕೆ ಶೀತ ಕೊಟ್ಟೂ ವ್ಯರ್ಥವಾಗಬೇಕು. 1957ರಲ್ಲಿ ಅಂಥ ಕ್ಯಾರೆಟ್ ಗಿಡ ಕೈಗೆ ಸಿಗುವಂತಿರಲಿಲ್ಲ; ಲ್ಯಾಂಗ್ ಅವರನ್ನು ದೂರಿ ಫಲವಿಲ್ಲ.

ಆಮೇಲೆ ಅಂಥ ಗಿಡ ಸಿಕ್ಕಿತು. ಸಾಸಿವೆ ಕುಟುಂಬದ ಪುಟ್ಟ ಕಳೆ ಅರಬಿಡಾಪ್ಸಿಸ್‌ನಲ್ಲಿ ಜಿಬ್ಬರೆಲಿನ್ ತಯಾರಿಕೆಯ ಆರಂಭದ ಹಂತವೇ ಕೆಟ್ಟಿರುವ ಒಂದು ವಿಕೃತಿ ತಳಿಯಿದೆ. 1999ರಲ್ಲಿ ಮೈಕೇಲ್ಸ್ ಮತ್ತು ಅಮಾಸಿನೊ ಅದನ್ನು ಶೀತದಲ್ಲಿಟ್ಟು ನೋಡಿದರು. ದೀರ್ಘ ಹಗಲಿನಲ್ಲಿ ಬೆಳೆಸಿದಾಗ, ಶೀತ ಪಡೆದ ಆ ಗಿಡವೂ ಬೇಗ ಹೂ ಬಿಟ್ಟಿತು. ಅಂದರೆ ಹೂ ಬಿಡು ಎಂಬ ಶೀತದ ಸಂದೇಶಕ್ಕೆ ಜಿಬ್ಬರೆಲಿನ್ ಅನಿವಾರ್ಯವಲ್ಲ. ಆದರೆ ಈ ತಳಿ ತೀರ ಕುಬ್ಜ. ಅದರ ಕಾಂಡಕ್ಕೆ ಜಿಬ್ಬರೆಲಿನ್ ಬೇಕೇ ಬೇಕು.

ಅದೇ ವರ್ಷ ಬೇರೆಯದೇ ದಾರಿಯೂ ಬೆಳಕಿಗೆ ಬಂತು. ಅರಬಿಡಾಪ್ಸಿಸ್‌ನಲ್ಲಿ ಎಫ್‌ಎಲ್‌ಸಿ ಎಂಬ ಜೀನ್ ಹೂ ಬಿಡುವುದನ್ನು ತಡೆದಿಡುತ್ತದೆ. ವಾರಗಟ್ಟಲೆಯ ಚಳಿ ಈ ಜೀನನ್ನು ಮೌನಗೊಳಿಸುತ್ತದೆ. ಚಳಿ ಹೋದ ಮೇಲೂ ಆ ಮೌನ ಕೋಶದಿಂದ ಕೋಶಕ್ಕೆ ದಾಟುತ್ತದೆ. ಗಿಡ ಚಳಿಗಾಲವನ್ನು ‘ನೆನಪಿಡುವುದು’ ಹೀಗೆ. ಮೆಲ್ಚರ್ಸ್ 1930ರ ದಶಕದ ಕೊನೆಯಲ್ಲಿ ಊಹಿಸಿದ ‘ವರ್ನಲಿನ್’ ಎಂಬ ಹಾರ್ಮೋನನ್ನು ಇಂದಿಗೂ ಯಾರೂ ಬೇರ್ಪಡಿಸಿಲ್ಲ. ಆದರೂ ಕೆಲವು ಟಿಪ್ಪಣಿಗಳಲ್ಲಿ ಅದು ಸಿದ್ಧಪಟ್ಟ ಸಂಗತಿಯಂತೆ ಕಾಣಿಸಿಕೊಳ್ಳುತ್ತದೆ.

ಹಾಗಾದರೆ ಶೀತಕ್ಕೂ ಜಿಬ್ಬರೆಲಿನ್‌ಗೂ ಸಂಬಂಧವೇ ಇಲ್ಲವೆ? ಹಾಗೆಂದರೂ ತಪ್ಪು. ಥ್ಲಾಸ್ಪಿ ಆರ್ವೆನ್ಸ್ ಎಂಬ ಸಮಶೀತೋಷ್ಣ ವಲಯದ ಕಳೆಯಲ್ಲಿ ಜಿಬ್ಬರೆಲಿನ್‌ನ ಪೂರ್ವವಸ್ತು ಕೌರಿನೋಯಿಕ್ ಆಮ್ಲ ಕುಡಿಯ ತುದಿಯಲ್ಲಿ ಶೇಖರವಾಗಿ ನಿಂತಿರುತ್ತದೆ. ಶೀತ ಕಳೆದು ಬೆಚ್ಚಗಾದಾಗ ಆ ತಡೆ ತೆರವಾಗಿ ಜಿಬ್ಬರೆಲಿನ್ ತಯಾರಿ ಮುಂದುವರಿಯುತ್ತದೆ, ಕಾಂಡ ಏಳುತ್ತದೆ. ಇಲ್ಲಿ ಕಾಂಡದ ಮಟ್ಟಿಗೆ ಶೀತ ನಿಜಕ್ಕೂ ಜಿಬ್ಬರೆಲಿನ್ ಮೂಲಕವೇ ಕೆಲಸ ಮಾಡಿದೆ.

ಇನ್ನೊಂದು ಅಂಶವನ್ನೂ ಪಾಠ ಬಿಟ್ಟುಬಿಡುತ್ತದೆ. ಚಳಿ ಇರುವಷ್ಟು ಹೊತ್ತು ಕಾಂಡ ಬೆಳೆಯುವುದಿಲ್ಲ. ತಂಪು ತಗಲಿದ ಅರಬಿಡಾಪ್ಸಿಸ್‌ನಲ್ಲಿ ಸಕ್ರಿಯ ಜಿಬ್ಬರೆಲಿನ್ ಕಡಿಮೆಯಾಗಿ, ಬೆಳವಣಿಗೆಗೆ ಕಡಿವಾಣ ಹಾಕುವ ಡೆಲ್ಲಾ ಪ್ರೋಟೀನುಗಳು ಹೆಚ್ಚುತ್ತವೆ ಎಂದು 2008ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಶೀತ ಮೊದಲು ತಡೆಯುತ್ತದೆ, ಕಳೆದ ಮೇಲೆ ಬಿಡುಗಡೆ ಮಾಡುತ್ತದೆ. ‘ಶೀತ ಕಾಂಡವನ್ನು ಬೆಳೆಸುತ್ತದೆ’ ಎಂಬ ಒಂದು ಸಾಲಿನಲ್ಲಿ ಈ ಎರಡು ಹಂತಗಳೂ ಕಳೆದುಹೋಗುತ್ತವೆ.

ತರಗತಿಯಲ್ಲಿ ಏನು ಮಾಡಬಹುದು?

ಚಿತ್ರವನ್ನು ಕೈಬಿಡಬೇಕಿಲ್ಲ. ಕಪ್ಪುಹಲಗೆಯ ಮೇಲೆ ಮೂರು ಗಿಡ ಬರೆದು, ಪಕ್ಕದಲ್ಲಿ ನಾಲ್ಕನೆಯದಕ್ಕೆ ಜಾಗ ಬಿಡಿ. ‘ಶೀತ ಇದೆ, ಜಿಬ್ಬರೆಲಿನ್ ತಯಾರಿ ಇಲ್ಲ’ ಎಂದು ಅದರ ಕೆಳಗೆ ಬರೆದು, ಕಾಂಡ ಏನಾದೀತು, ಹೂ ಏನಾದೀತು ಎಂದು ಪ್ರತ್ಯೇಕವಾಗಿ ಕೇಳಿ. ಉತ್ತರವನ್ನು ಕೂಡಲೇ ಹೇಳಬೇಡಿ.

ಮೌಲ್ಯಮಾಪನದಲ್ಲೂ ಒಂದು ಬದಲಾವಣೆ ಸಾಧ್ಯ. ‘ಕೆಲವು ರೋಸೆಟ್ ಗಿಡಗಳಲ್ಲಿ ಜಿಬ್ಬರೆಲಿನ್ ಶೀತದ ಪರಿಣಾಮವನ್ನು ಉಂಟುಮಾಡಬಲ್ಲುದು’ ಎಂದು ಬರೆದವನಿಗೂ, ‘ಶೀತ ಎಂದರೆ ಜಿಬ್ಬರೆಲಿನ್’ ಎಂದು ಬರೆದವನಿಗೂ ಒಂದೇ ಅಂಕ ಕೊಡುವುದು ನ್ಯಾಯವಲ್ಲ. ಮೊದಲನೆಯವನು ಪ್ರಯೋಗ ತೋರಿಸಿದಷ್ಟನ್ನೇ ಹೇಳಿದ್ದಾನೆ. ಎರಡನೆಯವನು ತೋರಿಸದ್ದನ್ನೂ ಸೇರಿಸಿದ್ದಾನೆ. ಈ ವ್ಯತ್ಯಾಸವನ್ನು ಗುರುತಿಸಲು ಕಲಿಸುವುದು ಹಾರ್ಮೋನುಗಳ ಹೆಸರು ಕಲಿಸುವುದಕ್ಕಿಂತ ಮುಖ್ಯ.